ಮೇಲೆ ಹೋಗಿ, ಕೆಳಗೆ ಇಳಿಯಿರಿ

ಮಡಿಕೇರಿಯಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. ಎಡಕ್ಕೆ ತಿರುಗಿ, ಬಲಕ್ಕೆ ಹೊರಳಿ ಎನ್ನುವವರು ಕಡಿಮೆ. ಪೂರ್ವ ಪಶ್ಚಿಮಗಳ ಮಾತಂತೂ ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಸೂರ್ಯನೇ ಅಪರೂಪದ ನೆಂಟನಾಗುವ ಊರಿನಲ್ಲಿ ಯಾವ ಧೈರ್ಯದ ಮೇಲೆ ಪೂರ್ವವನ್ನು ತೋರಿಸುವುದು? ಇಲ್ಲಿರುವುದು ಎರಡೇ ದಿಕ್ಕು. ಓಂಕಾರೇಶ್ವರ ಕೆಳಗೆ, ಗದ್ದುಗೆ ಮೇಲೆ, ಸಂತೆ ಕೆಳಗೆ, ರಾಜಾಸೀಟು ಮೇಲೆ. ಮೊಣಕಾಲು ನೋವಿನವರು ಇಲ್ಲಿ ಯಾವುದೇ ಮದುವೆಯ ಕರೆಯೋಲೆ ಬಂದರೂ ಮುಹೂರ್ತಕ್ಕಿಂತ ಮೊದಲು ಮಂಟಪ ಮೇಲಿದೆಯೋ ಕೆಳಗಿದೆಯೋ ಎಂದು ನೋಡುತ್ತಾರೆ.

ಎಷ್ಟು ಮೇಲೆ, ಎಲ್ಲಿಂದ ಕೆಳಗೆ ಎನ್ನುವುದಕ್ಕೆ ಗುರುತು ಬೇಕಲ್ಲ. ಬೇರೆ ಊರುಗಳಲ್ಲಿ ಅದು ಅರಳಿಮರವೋ ಪೆಟ್ರೋಲ್ ಬಂಕೋ ಆಗಿರುತ್ತದೆ. ನಮ್ಮಲ್ಲಿ ಸೇನಾಧಿಕಾರಿಗಳು.

‘ತಿಮ್ಮಯ್ಯ ಹತ್ತಿರ ಇಳಿಸಿ’ ಎಂದರೆ ಬಸ್ಸಿನ ಕಂಡಕ್ಟರನಿಗೆ ಅರ್ಥವಾಗುತ್ತದೆ. ಜನರಲ್ ಕೆ.ಎಸ್. ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕರಾಗಿದ್ದಾಗಲೇ ತೀರಿಕೊಂಡರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ನಮಗೆ ಅವರು ಇಳಿಯುವ ಜಾಗ. 2023ರ ಆಗಸ್ಟ್‌ನಲ್ಲಿ ಬಸ್ಸೊಂದು ಗುದ್ದಿ ಅವರ ಪ್ರತಿಮೆಯೇ ಉರುಳಿಬಿತ್ತು. ದುರಸ್ತಿಯಾಗಿ ಮತ್ತೆ ಬಂದು ನಿಲ್ಲುವವರೆಗೂ ನಾವು ‘ತಿಮ್ಮಯ್ಯ ಹತ್ತಿರ’ವೇ ಇಳಿಯುತ್ತಿದ್ದೆವು. ಅವರು ಅಲ್ಲಿಲ್ಲ ಎನ್ನುವುದು ಯಾವ ಪ್ರಯಾಣಿಕನಿಗೂ ಅಡ್ಡಿಯಾಗಲಿಲ್ಲ.

ಅವರು ಬಾಲ್ಯ ಕಳೆದ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದಕ್ಕೆ ಮೊದಲು ಹಲವು ವರ್ಷ ಅಲ್ಲಿ ಆರ್‌ಟಿಒ ಕಚೇರಿ ಇತ್ತು. ನಾನು ಚಾಲನಾ ಪರವಾನಗಿಯ ಅರ್ಜಿ ಹಿಡಿದು ನಿಂತದ್ದು ಆ ಜಗಲಿಯಲ್ಲೇ. ದಂಡಯಾತ್ರೆ ಮಾಡಿದವರ ಅಂಗಳದಲ್ಲಿ ನನ್ನ ಕೈ ಸ್ಕೂಟರಿನ ಹಿಡಿಯ ಮೇಲೆ ನಡುಗುತ್ತಿತ್ತು. ಈಗ ಅಲ್ಲಿಗೆ ಟಿಕೆಟ್ ಕೊಂಡು ಹೋಗುವ ಪ್ರವಾಸಿಗರನ್ನು ಕಂಡರೆ, ನಾನು ಇದನ್ನೆಲ್ಲ ಬಿಟ್ಟಿಯಾಗಿ ನೋಡಿದವನು ಎಂಬ ಸಣ್ಣ ಜಂಬ.

ಹಳೆಯ ಖಾಸಗಿ ಬಸ್ ನಿಲ್ದಾಣದ ಬಳಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿದ್ದಾರೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು, ತಮ್ಮದಕ್ಕಿಂತ ವೇಗದ ಶತ್ರುವಿಮಾನವನ್ನು ಕೆಡವಿ ತಾವೂ ಮರಳಿ ಬಾರದವರು. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಅವರ ಪಕ್ಕದಲ್ಲಿ ನಿಂತು ನಾವು ಬಸ್ಸು ಮುಕ್ಕಾಲು ಗಂಟೆ ತಡವಾಯಿತೆಂದು ಗೊಣಗುತ್ತಿದ್ದೆವು.

ರಾಜರ ಕಾಲದ ಗುರುತುಗಳದ್ದು ಬೇರೆ ಗತ್ತು. 17ನೇ ಶತಮಾನದಲ್ಲಿ ಮುದ್ದುರಾಜ ಕಟ್ಟಿದ ಊರು. ಮುದ್ದುರಾಜನ ಕೇರಿ ಸವೆದು ಮಡಿಕೇರಿಯಾಯಿತೆನ್ನುತ್ತಾರೆ. ಅವನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನದು ಮಾಡಿ ಜಾಫರಾಬಾದ್ ಎಂದು ಕರೆದ. ಬ್ರಿಟಿಷರಿಗೆ ಊರೇ ಮರ್ಕೆರಾ ಆಯಿತು. ಎರಡೂ ಹೆಸರು ಇಳಿಜಾರಿನ ನೀರಿನಂತೆ ಹರಿದುಹೋದವು. ಕೋಟೆಯೊಳಗಿನ ಅರಮನೆಗೆ 1933ರಲ್ಲಿ ಗಡಿಯಾರದ ಗೋಪುರ ಸೇರಿತು, ಜೊತೆಗೆ ಕಮಿಷನರ್ ಸಾಹೇಬರ ಕಾರು ನಿಲ್ಲಲು ಒಂದು ಚಾವಡಿ. ಅರಮನೆಗೆ ಕಾರಿನ ಮನೆ! ಮಡಿಕೇರಿಯ ಮಳೆಯಲ್ಲಿ ಕಾರಿನ ಬಾಗಿಲು ತೆರೆದು ಇಳಿದವರಿಗೆ ಆ ಸಾಹೇಬರ ವಿವೇಕ ಗೊತ್ತಾಗುತ್ತದೆ. ಅಂಗಳದ ಮೂಲೆಯಲ್ಲಿ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ದೊಡ್ಡವು. ಅವುಗಳ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಇಲ್ಲದ ಮನೆ ಮಡಿಕೇರಿಯಲ್ಲಿ ಇರಲಿಕ್ಕಿಲ್ಲ.

ಇಡೀ ಊರಿನಲ್ಲಿ ದಿಕ್ಕನ್ನು ದಿಕ್ಕಾಗಿಯೇ ಹೇಳುವ ವಸ್ತು ನನಗೆ ತಿಳಿದಂತೆ ಒಂದೇ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ಮಸೀದಿಯಂತೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರುಗಳು. ಗುಮ್ಮಟದ ತುದಿಯಲ್ಲಿ ಚಿನ್ನದ ಲೇಪದ ಗೋಲ, ಅದರ ಮೇಲೆ ಗಾಳಿ ಬೀಸುವ ದಿಕ್ಕನ್ನು ತೋರಿಸುವ ಗಾಳಿಕೋಳಿ. ಕಿಟಕಿಯ ಸರಳುಗಳ ನಡುವೆ ‘ಲಿಂ’ ಎಂಬ ಅಕ್ಷರ ಕೂರಿಸಿ ದೊರೆ ತನ್ನ ಗುರುತನ್ನೂ ಬಿಟ್ಟಿದ್ದಾನೆ. ಆದರೆ ಕೊಳದ ಮೀನಿಗೆ ಪುರಿ ಎರಚುವ ನಮಗೆ ತಲೆ ಎತ್ತಿ ಗಾಳಿಕೋಳಿಯನ್ನು ನೋಡುವ ಅಭ್ಯಾಸವಿಲ್ಲ. ಎತ್ತಿದರೂ ಕಾಣುವುದು ಕೊಡೆಯ ಕಡ್ಡಿ.

ಇದೇ ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಕೊಡಗಿನ ಗೌರಮ್ಮನವರ ಹೆಸರು ಹಿಡಿದು ದಾರಿ ಹೇಳಿದವರನ್ನು ಮಾತ್ರ ನಾನು ಕಂಡಿಲ್ಲ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತು, ಬಂದ ಮೇಲೆ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟ ಹೆಣ್ಣುಮಗಳು. ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಗಂಡನ ಹೆಸರಿನ ಮರೆಯಲ್ಲಿ ನಿಂತು ಕತೆ ಬರೆದರು. 27 ತುಂಬುವ ಹೊತ್ತಿಗೆ ನೀರಿನಲ್ಲಿ ಮುಳುಗಿ ಹೋದರು. ‘ಗೌರಮ್ಮನ ಹತ್ತಿರ ಇಳಿಸಿ’ ಎನ್ನುವುದು ಕಿವಿಗೆ ಎಷ್ಟು ಚೆನ್ನಾಗಿರುತ್ತಿತ್ತು!

ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ಮೈಸೂರಿನಿಂದ ಬಂದ. ಮೊಬೈಲ್ ನಕ್ಷೆ ಅವನನ್ನು ಮಂಜಿನ ನಡುವೆ ಕೈಬಿಟ್ಟಿತ್ತು. ಫೋನಿನಲ್ಲಿ ನಾನು ತಿಮ್ಮಯ್ಯ, ಕೋಟೆ, ಗದ್ದುಗೆ ಎಲ್ಲವನ್ನೂ ಪೋಣಿಸಿ ಹೇಳಿದೆ. ಅರ್ಧ ಗಂಟೆಯಾದ ಮೇಲೆ ತೊಯ್ದು ತೊಪ್ಪೆಯಾಗಿ ಬಂದು ನಿಂತ.

“ಮಾವ, ನಿಮ್ಮ ಹೆಸರು ಹೇಳಿದರೆ ಈ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ” ಎಂದ.

“ಮತ್ತೆ ಹೇಗೆ ಬಂದೆ?”

“ಕೆಳಗಿನ ಅಂಗಡಿಯ ಅಜ್ಜಿ ಹೇಳಿದರು. ಮೇಲೆ ಹೋಗು, ಟೈಗರ್ ಮನೆ ಅಂತ ಕೇಳು, ಯಾರಾದರೂ ತೋರಿಸುತ್ತಾರೆ ಎಂದರು.”

ಟೈಗರ್ ನಮ್ಮ ನಾಯಿ. ಸತ್ತು ನಾಲ್ಕು ವರ್ಷವಾಯಿತು.