ಹೋಸ್ ಪೈಪಿಗೆ ಗಾಡಿಯ ಹೆಸರು ಯಾಕೆ ಬೇಕು ಸ್ವಾಮಿ?

ಮಲಗೋ ಹೊತ್ತಲ್ಲಿ ನನ್ನ ಹಳೆ ಗಾಡಿಗೆ ರೇಡಿಯೇಟರ್ ಹೋಸ್, ಅಂದ್ರೆ ಎಂಜಿನ್ ತಣಿಸುವ ನೀರು ಹರಿಯೋ ರಬ್ಬರ್ ಪೈಪ್, ಬೇಕು ಅಂತ ಬಿಡಿಭಾಗಗಳ ಪಟ್ಟಿ ನೋಡ್ತಾ ಕೂತಿದ್ದೆ. ಹುಡುಕಿ ಹುಡುಕಿ ಕೊನೆಗೆ ಒಂದು ಸಿಕ್ಕಿತು. ‘ರೇಡಿಯೇಟರ್ ಹೋಸ್, ಕೆಳಗಿನದು. ಹೈ ಕ್ವಾಲಿಟಿ. ಪರ್ಫೆಕ್ಟ್ ಫಿಟ್.’ ಯಾವುದಕ್ಕೆ ಫಿಟ್ ಅಪ್ಪಾ? ಬಾಯಿ ಎಷ್ಟು ಅಗಲ, ಬರೆದಿಲ್ಲ. ಉದ್ದ ಎಷ್ಟು, ಬರೆದಿಲ್ಲ. ಫೋಟೋ ಇದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಚಿತ್ರ ಮಾದರಿಗೆ ಮಾತ್ರ’. ಅಂದರೆ ಅದೂ ಸುಳ್ಳು. ಪಿತ್ತ ನೆತ್ತಿಗೇರಿತು, ಇಲ್ಲಿಗೆ ಬಂದೆ.

ನನ್ನ ಗಾಡಿ ಯಾವುದು, ಎಷ್ಟು ಹಳೆಯದು, ಅದರ ಡೀಸೆಲ್ ಎಂಜಿನ್ ಶಬ್ದಕ್ಕೆ ಬೀದಿಯವರು ಏನಂತಾರೆ, ಎಲ್ಲ ಇಲ್ಲಿನ ಹಳೆ ಓದುಗರಿಗೆ ಗೊತ್ತೇ ಇದೆ. ಅದರ ಹೋಸ್ ತಯಾರಿಸುವುದನ್ನು ಕಂಪನಿ ಎಂದೋ ನಿಲ್ಲಿಸಿದೆ. ಅದಕ್ಕೆ ನನಗೆ ಸಿಟ್ಟಿಲ್ಲ. ಎಷ್ಟು ವರ್ಷ ಅಂತ ಮಾಡ್ತಾರೆ ಪಾಪ. ನನ್ನ ಸಿಟ್ಟೆಲ್ಲ ಅಳತೆ ಬರೆಯದವರ ಮೇಲೆ.

ಹೋಸ್ ಅಂದ್ರೆ ಏನು ಮಹಾ? ಮಧ್ಯೆ ನೂಲಿನ ಹೆಣಿಗೆ ಇರುವ ರಬ್ಬರ್ ಕೊಳವೆ. ಎರಡು ಬಾಯಿ, ಒಂದೆರಡು ಬಾಗು. ಎರಡೂ ಬಾಯಿಯ ಒಳವ್ಯಾಸ, ಒಟ್ಟು ಉದ್ದ, ಯಾವ ಬಾಗು ಎಲ್ಲಿದೆ, ಎಷ್ಟು ತಿರುಗಿದೆ. ಇಷ್ಟು ಬರೆಯೋಕೆ ಒಂದು ಸಾಲು ಸಾಕು. ಆದರೆ ಅವರಿಗೆ ಬೇಕಿರುವುದು ಗಾಡಿಯ ಹೆಸರು, ವರ್ಷ, ಚಾಸಿ ನಂಬರ್. ನೀರು ಹರಿಯೋ ಪೈಪಿಗೆ ಇಷ್ಟು ಜಾತಕ ಯಾಕೋ!

ಆ ಹೆಸರಾದರೂ ಕೆಲಸಕ್ಕೆ ಬರುತ್ತದಾ ಅಂದ್ರೆ ಅದೂ ಇಲ್ಲ. ಒಂದೇ ಮಾದರಿಯಲ್ಲಿ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವುದಕ್ಕೆ ಒಂದು ಹೋಸ್, ಇಲ್ಲದ್ದಕ್ಕೆ ಇನ್ನೊಂದು. ಎಡಗಡೆ ಸ್ಟೀರಿಂಗ್ ಇದ್ದರೆ ಹೀಟರ್ ಹೋಸ್ ಬೇರೆ ದಾರಿ ಹಿಡಿಯುತ್ತದೆ. ಹಿಂದಿನ ಮಾಲೀಕ ಯಾವಾಗಲೋ ರೇಡಿಯೇಟರ್ ಬದಲಿಸಿದ್ದರೆ ಮುಗಿದೇ ಹೋಯಿತು, ಚಾಸಿ ನಂಬರಿಗೆ ಅದು ಗೊತ್ತಿರಲ್ಲ.

ಇನ್ನೊಂದು ಕಡೆ ನೋಡಿ. ಮಿತ್ಸುಬಿಷಿಯ 4ಡಿ56 ಡೀಸೆಲ್ ಎಂಜಿನ್ ಪಜೆರೊದಲ್ಲೂ ಇತ್ತು, ಎಲ್200 ಪಿಕಪ್‌ನಲ್ಲೂ ಇತ್ತು, ಡೆಲಿಕಾ ವ್ಯಾನಿನಲ್ಲೂ ಇತ್ತು. ಹ್ಯುಂಡೈ ಕೂಡ ಅದನ್ನು ತನ್ನ ಗಾಡಿಗಳಿಗೆ ಹಾಕಿತು. ನನ್ನದು ಆ ಎಂಜಿನ್ ಅಲ್ಲ, ಸುಮ್ನೆ ಹೇಳಿದೆ. ಎಷ್ಟೋ ಹಳೆಯ ಡೀಸೆಲ್ ಎಂಜಿನ್‌ಗಳು ಹೀಗೇ ಹತ್ತು ಮನೆ ಸುತ್ತಿದವು. ಹಾಗಾಗಿ ನನಗೆ ಬೇಕಾದ ಬಾಗು ಯಾವುದೋ ವ್ಯಾನಿನ ಹೋಸಿನಲ್ಲೋ, ಟ್ರ್ಯಾಕ್ಟರಿನ ಹೋಸಿನಲ್ಲೋ ಖಂಡಿತ ಇರುತ್ತದೆ. ತುದಿ ಕತ್ತರಿಸಿದರೆ ಕೂರುತ್ತದೆ. ಆದರೆ ಯಾವುದು ಅಂತ ತಿಳಿಯೋದು ಹೇಗೆ? ಅಳತೆ ಬರೆದಿಲ್ಲವಲ್ಲ!

‘ಹಳೆಯದನ್ನೇ ಇನ್ನಷ್ಟು ದಿನ ಓಡಿಸು, ಚೆನ್ನಾಗಿಯೇ ಕಾಣ್ತಿದೆ’ ಅನ್ನೋರು ಇದ್ದಾರೆ. ಕಾಣುತ್ತದೆ, ಅಷ್ಟೇ. ನನ್ನ ಮೇಲಿನ ಹೋಸ್ ಹೊರಗೆ ಕಪ್ಪಗೆ ಮಿರುಗುತ್ತಿತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ, ಕ್ಲಿಪ್ ಕೂರುವ ಜಾಗದ ಪಕ್ಕದಲ್ಲೇ ಒಳಗಡೆ ಉದ್ದುದ್ದ ಬಿರುಕು. ಒಂದರಲ್ಲಿ ಉಗುರು ಇಳಿಯಿತು, ತಳದಲ್ಲಿ ನೂಲು ಒದ್ದೆ. ಕೂಲಂಟ್ (ಎಂಜಿನ್ ತಣಿಸುವ ದ್ರವ), ಹೋಸ್ ಕೂರುವ ಲೋಹದ ಮೂತಿ, ಇಂಗಾಲ ಬೆರೆತ ರಬ್ಬರ್ ಮೂರೂ ಸೇರಿ ಅಲ್ಲೊಂದು ಪುಟ್ಟ ಬ್ಯಾಟರಿಯಾಗುತ್ತದೆ. ಅದು ರಬ್ಬರನ್ನು ಒಳಗಿನಿಂದಲೇ ತಿನ್ನುತ್ತದೆ. ಅದಕ್ಕೇ ಹೋಸನ್ನು ನಡುವೆ ಹಿಸುಕಿ ನೋಡಿದರೆ ಏನೂ ಗೊತ್ತಾಗಲ್ಲ. ಎಂಜಿನ್ ತಣ್ಣಗಿರುವಾಗ ತುದಿಗಳ ಹತ್ತಿರ ಹಿಸುಕಬೇಕು.

ಒಡೆದರೆ ಏನಾಗುತ್ತದೆ? ಅರ್ಧ ನೀರು ಅರ್ಧ ಗ್ಲೈಕಾಲ್ (ನೀರಿಗೆ ಬೆರೆಸುವ ರಾಸಾಯನಿಕ) ಇದ್ದು, ರೇಡಿಯೇಟರ್ ಮುಚ್ಚಳ 1 ಬಾರ್ ಒತ್ತಡ ಹಿಡಿದಿದ್ದರೆ ಕೂಲಂಟ್ 120 ಡಿಗ್ರಿಯಲ್ಲೂ ಕುದಿಯುವುದಿಲ್ಲ. ಹೋಸ್ ಸೀಳಿತೋ, ಒತ್ತಡವೂ ಹೋಯಿತು, ನೀರೂ ಹೋಯಿತು. ಕಾವು ಅಳೆಯುವ ಸೆನ್ಸರ್ ಸುತ್ತ ನೀರಿಲ್ಲದಿದ್ದರೆ ಎಷ್ಟೋ ಗಾಡಿಗಳಲ್ಲಿ ಕಾವು ತೋರಿಸುವ ಮುಳ್ಳು ಏರುವ ಬದಲು ಇಳಿಯುತ್ತದೆ. ನಾವು ಖುಷಿಯಾಗಿ ಓಡಿಸ್ತಾ ಇರುತ್ತೇವೆ, ಅಲ್ಲಿ ಎಂಜಿನ್ನಿನ ಮೇಲ್ಭಾಗದ ಹೆಡ್ ಕಾದು ಬಾಗುತ್ತಾ ಇರುತ್ತದೆ.

‘ಸುಕ್ಕು ಸುಕ್ಕಾಗಿರೋ ಯೂನಿವರ್ಸಲ್ ಹೋಸ್ ಹಾಕು, ಹೇಗೆ ಬೇಕಾದರೂ ಬಾಗುತ್ತದೆ’ ಅಂದರು ಒಬ್ಬರು. ದಾರಿ ಮಧ್ಯೆ ಸಿಕ್ಕಿಬಿದ್ದಾಗ ಸರಿ. ಕೆಳಗಿನ ಹೋಸಿಗೆ ನೀರಿನ ಪಂಪಿನ ಎಳೆತ ಇರುತ್ತದೆ. ಮೆತ್ತಗಿನದು ಅಲ್ಲಿ ಚಪ್ಪಟೆಯಾಗಿ ಕೂತರೆ ನೀರಿಗೆ ದಾರಿಯೇ ಇಲ್ಲ. ಕೆಲವು ಕಂಪನಿಗಳು ಒಳಗೆ ಸ್ಪ್ರಿಂಗ್ ಇಡುವುದು ಅದಕ್ಕೇ. ಸಿಲಿಕೋನ್ ಹೋಸ್ ಬಣ್ಣಬಣ್ಣದಲ್ಲಿ ಸಿಗುತ್ತದೆ, ಕಾವನ್ನು ಚೆನ್ನಾಗಿ ತಾಳುತ್ತದೆ. ಆದರೆ ಎಣ್ಣೆ ತಾಗಿದರೆ ಕೆಡುತ್ತದೆ, ಸೀಳುಗಳಿರುವ ಮಾಮೂಲಿ ಕ್ಲಿಪ್ ಅದನ್ನು ಕೊರೆದುಬಿಡುತ್ತದೆ. ಎಣ್ಣೆ ಸೋರದ ಹಳೆ ಡೀಸೆಲ್ ಎಂಜಿನ್ ಇದ್ದರೆ ತೋರಿಸಿ, ಕೈ ಮುಗಿಯುತ್ತೇನೆ.

ಅಳತೆ ಬರೆದರೆ ಜನ ತಪ್ಪಾಗಿ ಅಳೆದು, ತಪ್ಪು ಹೋಸ್ ತಗೊಂಡು ವಾಪಸ್ ಕಳಿಸ್ತಾರೆ ಅನ್ನೋ ವಾದ ಇದೆ. ಸ್ವಲ್ಪ ನಿಜವೇ. ಹಳೆ ಹೋಸಿನ ಬಾಯಿ ಹಿಗ್ಗಿರುತ್ತದೆ, ಅದನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಲೋಹದ ಮೂತಿಯ ಹೊರವ್ಯಾಸ ಅಳೆಯಬೇಕು. ಹಾಗಂತ ಒಂದು ಸಾಲು ಬರೆದುಬಿಡಿ, ಕೈ ಸವೆಯುತ್ತದಾ? ಈಗ ಹೆಸರು ನೋಡಿ ತರಿಸಿದ್ದೂ ವಾಪಸ್ ಹೋಗುತ್ತಲೇ ಇದೆಯಲ್ಲ. ಕೂಲಂಟ್ ಹೋಸಿಗೆ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ ಮಾಡಿದ ಜೆ20 ಅಂತ ಗುಣಮಟ್ಟದ ನಿಯಮವೇ ಇದೆ. ಅದನ್ನು ಹೋಸಿನ ಮೈಮೇಲೆ ದೊಡ್ಡದಾಗಿ ಅಚ್ಚು ಹಾಕೋರಿಗೆ ಪಕ್ಕದಲ್ಲಿ ಒಳವ್ಯಾಸ ಹಾಕೋಕೆ ಜಾಗ ಇಲ್ಲವಂತೆ!

‘ಗಾಡಿ ಮಾರಿಬಿಡು’ ಅಂತ ಕಾಮೆಂಟ್ ಹಾಕುವವರಿಗೆ ಮೊದಲೇ ಹೇಳುತ್ತೇನೆ, ಬೇಡ. ಬಿಚ್ಚಿದ ಹಳೆ ಹೋಸನ್ನೇ ಎಸೆಯೋಕೆ ಮನಸ್ಸು ಬರದ ಮನುಷ್ಯ ನಾನು. ಒಂದು ಚೀಲದ ತುಂಬ ಇವೆ, ಯಾವ ತುದಿ ಯಾವುದಕ್ಕೆ ಅಂತ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ. ಇನ್ನು ಗಾಡಿ ಮಾರ್ತೀನಾ?

ನನಗೆ ಬೇಕಿರುವುದು ಇದು: ರೇಡಿಯೇಟರ್ ಕಡೆ 38 ಮಿ.ಮೀ., ಪಂಪಿನ ಕಡೆ 42, ಪಂಪಿನ ಹತ್ತಿರ ಒಂದು 90 ಡಿಗ್ರಿ ಬಾಗು, ಅಲ್ಲಿಂದ ಮುಂದೆ ಒಂದು ಸಣ್ಣ ಓರೆ. ನಿಮ್ಮ ವ್ಯಾನು, ಟ್ರ್ಯಾಕ್ಟರು, ಜನರೇಟರು, ಏನಿದೆಯೋ ಅದರ ಕೆಳಗಿನ ಹೋಸ್ ಅಳೆದು ಕಾಮೆಂಟಿನಲ್ಲಿ ಹಾಕಿ. ಎಂಜಿನ್ ತಣ್ಣಗಾದ ಮೇಲೆ ಕೈ ಹಾಕಿ ಮಾರಾಯ್ರೆ.