ಬೂತಾಯಿ ಬಿಟ್ಟು ಬಾಟಲಿ ಹಿಡಿದವರು

ಮುಂಬಯಿಯ ಮಾಟುಂಗಾದ ಫೈವ್ ಗಾರ್ಡನ್ಸ್‌ಗೆ ಬೆಳಿಗ್ಗೆ ವಾಕಿಂಗ್ ಬರುವ ನಮ್ಮವರು ಮೊದಲೆಲ್ಲ ಮಗನ ಸಂಬಳ ವಿಚಾರಿಸುತ್ತಿದ್ದರು. ಈಗ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಕೊಬ್ಬು ವಿಚಾರಿಸುತ್ತಾರೆ.

“ನಿಮ್ಮದೆಷ್ಟು?”

“280.”

“ಅಷ್ಟೇನಾ? ನನ್ನದು 310!”

150ರ ಒಳಗಿರಬೇಕಾದ ಅಂಕಿ. ಹೇಳುವ ದನಿಯಲ್ಲಿ ಮಾತ್ರ ಮಗಳು ಸಿಎ ಪಾಸಾದ ಖುಷಿ.

ನಮ್ಮ ಭಾವನ ಕತೆ ಕೇಳಿ. ಹುಟ್ಟಿದ್ದು ಕಾಪುವಿನಲ್ಲಿ, ಬೆಳೆದದ್ದು ಬೂತಾಯಿ ಮೀನಿನ ಗಸಿಯಲ್ಲಿ. ರಕ್ತಪರೀಕ್ಷೆಯ ರಿಪೋರ್ಟ್ ಬಂದ ದಿನವೇ ಮನೆಯಲ್ಲಿ ಬೂತಾಯಿ ಬಂದ್. “ಆ ಮೀನಲ್ಲಿ ಎಣ್ಣೆ ಜಾಸ್ತಿ” ಅಂದರು. ಮರುದಿನ ಮೆಡಿಕಲ್‌ನಿಂದ ಒಂದು ಬಾಟಲಿ ತಂದರು. ಒಳಗೇನು? ಮೀನಿನ ಎಣ್ಣೆ! ಇಂಥ ಎಣ್ಣೆ ಬಹಳಷ್ಟು ಬರುವುದು ಪೆರು ದೇಶದ ಕಡಲಿನ ಪುಟ್ಟ ಮೀನಿನಿಂದ, ಅಂದರೆ ನಮ್ಮ ಬೊಳೆಂಜಿರ್‌ನ ದೂರದ ನೆಂಟರಿಂದ. ಊರ ಮೀನು ಬೇಡ. ತಲೆ, ಬಾಲ, ರುಚಿ ಮೂರೂ ತೆಗೆದ ಫಾರಿನ್ ಮೀನು ಬೇಕು.

ಬಾಟಲಿಯ ಮುಂದೆ ದಪ್ಪಕ್ಷರದಲ್ಲಿ 1000 ಮಿಲಿಗ್ರಾಂ. ಹಿಂದೆ ತಿರುಗಿಸಿದರೆ ಇರುವೆ ಸಾಲಿನಂಥ ಅಕ್ಷರ. ಭಾವನ ಕನ್ನಡಕ ಕಸಿದುಕೊಂಡು ಓದಿದೆ. ಇಪಿಎ 180, ಡಿಎಚ್‌ಎ 120. ಕೆಲಸಕ್ಕೆ ಬರುವ ಕೊಬ್ಬು, ಅಂದರೆ ಒಮೆಗಾ-3, ಈ ಎರಡೂ ಸೇರಿ ಇಷ್ಟೇ, 300. ಉಳಿದ 700 ಬರೀ ಜೊತೆಗೆ ಬಂದ ದಿಬ್ಬಣದವರು.

ಮೀನೆಣ್ಣೆ ಟ್ರೈಗ್ಲಿಸರೈಡ್ ಇಳಿಸುವುದು ಸುಳ್ಳಲ್ಲ. ಜಾಸ್ತಿ ಇದ್ದವರಲ್ಲಿ ಶೇ. 20ರಿಂದ 30ರಷ್ಟು ಇಳಿಯಬಹುದು. ಆದರೆ ಅದಕ್ಕೆ ಡಾಕ್ಟರ್ ಕಣ್ಣೆದುರು ದಿನಕ್ಕೆ 4 ಗ್ರಾಂವರೆಗೆ ಒಮೆಗಾ-3 ಬೇಕು. ಭಾವನ ಬಾಟಲಿಯ ಲೆಕ್ಕದಲ್ಲಿ 13-14 ಗುಳಿಗೆ. ತಟ್ಟೆಗೆ ಹಾಕಿ ಪಕ್ಕದಲ್ಲಿ ಚಟ್ನಿ ಇಟ್ಟರೆ ತಿಂಡಿಯೇ ಆಯ್ತು. ಕೆಟ್ಟ ಕೊಲೆಸ್ಟ್ರಾಲ್ ಅನ್ನೋ ಎಲ್‌ಡಿಎಲ್ ಅಷ್ಟು ತಗೊಂಡರೂ ಇಳಿಯುವುದಿಲ್ಲ, ಡಿಎಚ್‌ಎಯಿಂದ ಸ್ವಲ್ಪ ಏರಲೂಬಹುದು. ಅಮೆರಿಕದಲ್ಲಿ 25,871 ಜನರ ಮೇಲೆ ದಿನಕ್ಕೆ 1 ಗ್ರಾಂ ಮೀನೆಣ್ಣೆಯ ಪರೀಕ್ಷೆ ನಡೆಯಿತು. 2018ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯ ಸಾವು ಮೂರೂ ಸೇರಿಸಿ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಇದನ್ನು ಭಾವನಿಗೆ ಹೇಳಿದೆ. “ಅದು ಅಮೆರಿಕದವರಿಗೆ” ಅಂದರು. ಎಣ್ಣೆ ಮಾತ್ರ ಪೆರುವಿನದಾದರೂ ನಡೆಯುತ್ತೆ.

ಸಸ್ಯಾಹಾರಿ ಗೆಳೆಯರು ಅಗಸೆ ಎಣ್ಣೆ ಪಾರ್ಟಿ. ಅದರ ಒಮೆಗಾ-3 ಬೇರೆ ಜಾತಿಯದು, ಮೈಯೊಳಗೆ ಇಪಿಎ ಆಗುವುದು ಚೂರೇ ಚೂರು. ಇನ್ನೊಬ್ಬರು ಕಾಫಿಗೆ ತೆಂಗಿನೆಣ್ಣೆ ಸುರಿದುಕೊಳ್ಳುತ್ತಾರೆ. ಬೇರೆ ಅಡುಗೆ ಎಣ್ಣೆಗೆ ಹೋಲಿಸಿದರೆ ಅದು ಎಲ್‌ಡಿಎಲ್ ಏರಿಸುತ್ತೆ, ಆದರೆ ಊರಿನ ತೆಂಗಿನ ಬಗ್ಗೆ ಮಾತಾಡಿದರೆ ಜಗಳ ಗ್ಯಾರಂಟಿ. ಮತ್ತೊಬ್ಬರು ಶೇಂಗಾ ಎಣ್ಣೆಯ ಪೊಟ್ಟಣ ತೋರಿಸಿ “ನೋಡಿ, ಕೊಲೆಸ್ಟ್ರಾಲ್ ಮುಕ್ತ” ಅಂತಾರೆ. ಗಿಡದ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇದ್ದದ್ದಾದರೂ ಯಾವಾಗ? ಬಾಳೆಹಣ್ಣಿಗೆ “ಮುಳ್ಳಿಲ್ಲ” ಅಂತ ಚೀಟಿ ಅಂಟಿಸಿದ ಹಾಗೆ!

ಸಕ್ಕರೆ, ಮೈದಾ, ಸಂಜೆಯ ಪೆಗ್ಗು ಇವೇ ಟ್ರೈಗ್ಲಿಸರೈಡ್ ಏರಿಸುತ್ತವೆ ಅಂತ ಡಾಕ್ಟರ್ ಹೇಳಿದ್ದು ಯಾರಿಗೂ ಕೇಳಿಸಿಲ್ಲ.

ವಾಕಿಂಗ್ ಮುಗಿದ ಮೇಲೆ ಕಿಂಗ್ಸ್ ಸರ್ಕಲ್ ಕಡೆ ಉಡುಪಿ ಹೋಟೆಲು. ಭಾವ ಜೇಬಿನಿಂದ ಗುಳಿಗೆ ತೆಗೆದು ಬಾಳೆಲೆ ಚೂರಿನ ಮೇಲಿಟ್ಟರು. ಬೆಳಕಿಗೆ ಜೇನಿನ ಹನಿಯ ಹಾಗೆ ಹೊಳೆಯುತ್ತಿತ್ತು. ಜಿಡ್ಡಿನ ಆಹಾರದ ಜೊತೆ ತಗೊಂಡರೆ ಮೀನೆಣ್ಣೆ ಮೈಗೆ ಚೆನ್ನಾಗಿ ಹತ್ತುತ್ತೆ. ಇದೊಂದು ಮಾತು ನಿಜ, ಭಾವ ಇದೊಂದನ್ನೇ ಬಾಯಿಪಾಠ ಮಾಡಿದ್ದಾರೆ.

“ಏ, ಎರಡು ವಡೆ ತಾರಪ್ಪ. ಮಾತ್ರೆ ತಗೋಬೇಕು.”