ಬಜ್ಜಿಗೆ ಮುಹೂರ್ತ

ಟೋಕಿಯೋದ ಗಿಂಜಾದಲ್ಲಿ ಮಧ್ಯಾಹ್ನ ಬಜ್ಜಿ ತಿನ್ನಲು ಅಕ್ಕನ ಮಗ ತಿಂಗಳ ಮೊದಲೇ ಜಾಗ ಹಿಡಿದಿದ್ದ. ಬಜ್ಜಿ ಅನ್ನಬಾರದಂತೆ. “ಮಾವ, ಟೆಂಪುರ ಅನ್ನಿ. ಸೆಂಟ್ ಹಾಕ್ಕೋಬೇಡಿ, ತಡ ಮಾಡ್ಬೇಡಿ. ಹೋಗ್ದಿದ್ರೂ ಪೂರ್ತಿ ದುಡ್ಡು ಕಟ್ಬೇಕು.” ನಮ್ಮ ಕಡೆ ಬೀಗರ ಮದುವೆ ತಪ್ಪಿಸಿಕೊಂಡರೂ ಇಷ್ಟು ದಂಡವಿಲ್ಲ.

ಒಳಗೆ ಹತ್ತೇ ಕುರ್ಚಿ. ಎದುರಿಗೆ ಬಿಳಿ ಟೋಪಿಯ ಬಾಣಸಿಗ, ಎಳ್ಳೆಣ್ಣೆಯ ಬಾಣಲೆ. ಸೀಗಡಿಯೊಂದನ್ನು ಎಣ್ಣೆಗೆ ಬಿಟ್ಟು ಆತ ಕಿವಿಗೊಟ್ಟು ನಿಂತ. ಗುಳ್ಳೆಗಳ ಸದ್ದು ಬದಲಾದಾಗ ತೆಗೆಯಬೇಕು. ವಿದ್ಯೆ ಇಲ್ಲವೆನ್ನಲಾರೆ. ಮೈದಾಕ್ಕೆ ಮೊಟ್ಟೆ, ಮಂಜಿನಂಥ ನೀರು. ಒಂದು ಸುತ್ತು ಜಾಸ್ತಿ ಕಲಸಿದರೂ ಜಿಗುಟು ಬಂದು ಗರಿಗರಿ ಮಾಯ. ಆದರೆ ನಮ್ಮ ಸಂತೆಯ ಬಜ್ಜಿಯವನೂ ಸದ್ದು ಕೇಳಿಯೇ ತೆಗೆಯುವುದು. ಅವನೆದುರು ಯಾರೂ ಕಣ್ಣು ಮುಚ್ಚಿ ಕೂತದ್ದು ಕಾಣೆ.

ಒಂದು ಬಂತು. ತಿಂದೆವು. ಕಾದೆವು. ತಾವರೆ ಗೆಡ್ಡೆಯ ಬಿಲ್ಲೆಯೊಂದು ಬಂತು. ಮತ್ತೆ ಕಾದೆವು. ಯಾವುದಕ್ಕೆ ಉಪ್ಪು, ಯಾವುದಕ್ಕೆ ಮೂಲಂಗಿ ತುರಿ ಬೆರೆಸಿದ ರಸ ಎಂದು ತೀರ್ಮಾನಿಸುವವನೂ ಬಾಣಸಿಗನೇ. ದುಡ್ಡು ಕೊಡುವುದಷ್ಟೇ ನಮ್ಮ ಸ್ವಾತಂತ್ರ್ಯ. ಪಕ್ಕದವರು ತಿಂದಾದ ಮೇಲೆ ಅಡಿಯಲ್ಲಿದ್ದ ಕಾಗದ ನೋಡಿ ತಲೆದೂಗಿದರು: ಎಣ್ಣೆಯ ಕಲೆಯೇ ಇಲ್ಲ! ನಮ್ಮಲ್ಲಿ ಕಾಗದದ ಆಚೆ ಪುಟದ ಸುದ್ದಿಯೂ ಓದಲು ಬಂದರೆ ತಾನೆ ಬಜ್ಜಿ?

ಇಷ್ಟು ಮಡಿಯ ಈ ತಿಂಡಿಯ ಪೂರ್ವಾಶ್ರಮ ಕೇಳಿ. 16ನೇ ಶತಮಾನದಲ್ಲಿ ನಾಗಸಾಕಿ ಕಡೆ ಬಂದ ಪೋರ್ಚುಗೀಸರಿಂದ ಕಲಿತದ್ದು. ಹೆಸರು ಕೂಡ ಅವರು ಮಾಂಸ ಬಿಡುತ್ತಿದ್ದ ಉಪವಾಸದ ದಿನಗಳಿಂದ ಬಂತೆಂಬ ಮಾತಿದೆ. (ಉಪವಾಸದ ನೆಪದಲ್ಲಿ ಕರಿದದ್ದು ಹೊಡೆಯುವುದರಲ್ಲಿ ನಮ್ಮ ಏಕಾದಶಿಯವರೂ ಹಿಂದೆ ಬಿದ್ದಿಲ್ಲ.) ಆಗಿನ ಎದೋ, ಅಂದರೆ ಇಂದಿನ ಟೋಕಿಯೋ, ಕಟ್ಟಿಗೆಯ ಊರು. 1657ರ ಬೆಂಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬೂದಿಯಾಗಿತ್ತು. ಮನೆಯೊಳಗೆ ಎಣ್ಣೆ ಕಾಯಿಸುವುದೆಂದರೆ ಜನಕ್ಕೆ ಭಯ. ಹಾಗಾಗಿ ಟೆಂಪುರ ಬೀದಿಗಾಡಿಯಲ್ಲೇ ಬೆಳೆಯಿತು. ಕಡ್ಡಿಗೆ ಚುಚ್ಚಿದ ಮೀನು, ಎಲ್ಲರಿಗೂ ಒಂದೇ ರಸದ ಬಟ್ಟಲು, ಅದ್ದಿ ನಿಂತಲ್ಲೇ ತಿಂದು ಹೊರಡುವ ಕೂಲಿಯಾಳು. ಹಾಗೆ ಆಚೆಗಿಟ್ಟಿದ್ದ ಬಾಣಲೆಯ ಮುಂದೆ ಕೂರಲು ಈಗ ನಮಗೇ ಅಪ್ಪಣೆ ಬೇಕು.

ಒಂದು ಗಂಟೆಗೆ ಹನ್ನೆರಡು ತುಂಡು. ಬಿಲ್ಲು ನಮ್ಮ ರೂಪಾಯಿಯಲ್ಲಿ ಐದು ಸಾವಿರ ದಾಟಿತ್ತು, ತಲೆಗೆ. ರಾತ್ರಿಯಾದರೆ ಇನ್ನೂ ದುಬಾರಿ, ಆದ್ದರಿಂದ ನಮಗೆ ಉಳಿತಾಯವೇ ಆಯಿತೆಂದು ಅಳಿಯ ಲೆಕ್ಕ ಒಪ್ಪಿಸಿದ.

ರೈಲ್ವೆ ಸ್ಟೇಷನ್ ಹತ್ತಿರ ಬಂದಾಗ ಘಮ್ಮೆಂದಿತು. ಸೋಬಾ ಎಂಬ ಶ್ಯಾವಿಗೆಯನ್ನು ಬಿಸಿ ಸಾರಿನಲ್ಲಿ ಕೊಡುವ ಸಣ್ಣ ಅಂಗಡಿ. ಟೈ ಕಟ್ಟಿದವರು ಸೊರ್ ಸೊರ್ ಎಂದು ಹೀರುತ್ತಿದ್ದರು. ಪ್ರತಿ ಬಟ್ಟಲಿನ ಮೇಲೂ ಅಂಗೈಯಗಲ ಟೆಂಪುರ.

“ಇಲ್ಲಿಗೂ ಬುಕಿಂಗ್ ಬೇಕೇನೋ?”

“ಕೂರೋಕೆ ಕುರ್ಚೀನೇ ಇಲ್ಲ ಮಾವ,” ಎನ್ನುತ್ತಾ ಅವನಾಗಲೇ ಚಿಲ್ಲರೆಗೆ ಜೇಬು ತಡಕುತ್ತಿದ್ದ.